ಪಜೀತಿ ಅಂದ್ರೆ ಏನು, ಯಾವಾಗ ಹೇಳಬೇಕು: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನಲ್ಲಿ ಸಂಜೆ ಹೊತ್ತು, ಹೊರಗಿನಿಂದ ಬಂದವರಿಗೆ ಕನ್ನಡ ಹೇಳಿಕೊಡುತ್ತೇನೆ. ಹುಟ್ಟಿದ್ದು ಮಂಡ್ಯದ ಹತ್ತಿರದ ಹಳ್ಳಿಯಲ್ಲಿ. ಪಾಠದಲ್ಲಿ ಬೇರೆ ಯಾವ ಪದ ಬಂದರೂ ಒಂದೆರಡು ಪ್ರಶ್ನೆಗೆ ಮುಗಿಯುತ್ತದೆ. 'ಪಜೀತಿ' ಬಂದರೆ ಮಾತ್ರ ಆ ದಿನದ ಪಾಠ ಅಲ್ಲೇ ನಿಲ್ಲುತ್ತದೆ. ಹೊರಗಿನವರಷ್ಟೇ ಅಲ್ಲ, ಕನ್ನಡದಲ್ಲೇ ಬೆಳೆದ ನೆಂಟರು, ಗೆಳೆಯರು, ಶಾಲೆಗೆ ಹೋಗುವ ಮಕ್ಕಳ ಅಪ್ಪ ಅಮ್ಮಂದಿರೂ ಇದರ ಬಗ್ಗೆ ಕೇಳುತ್ತಾರೆ. ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಅವರು ಕೇಳಿದ ಹಾಗೇ ಇಲ್ಲಿ ಇಟ್ಟಿದ್ದೇನೆ.

## ಮೊದಲ ಪರಿಚಯ

"ಪಜೀತಿ ಅಂದ್ರೆ ಕಷ್ಟ ಅಂತಾನಾ?"

ಕಷ್ಟ ಹೌದು, ಆದರೆ ಎಲ್ಲ ಕಷ್ಟವೂ ಪಜೀತಿ ಅಲ್ಲ. ಏನು ಮಾಡಬೇಕು ಅಂತ ತೋಚದೆ, ನಾಲ್ಕು ಜನರ ಎದುರು ಪೆಚ್ಚಾಗಿ ನಿಲ್ಲಿಸುವ ಕಷ್ಟ ಪಜೀತಿ.

ಒಂದು ಸಲ ನಮ್ಮ ಚಿಕ್ಕಮ್ಮನನ್ನು ಮೈಸೂರು ಬಸ್ ನಿಲ್ದಾಣದಲ್ಲಿ ಬಸ್ಸು ಹತ್ತಿಸಿದೆ. ಅವರು ಮಂಡ್ಯಕ್ಕೆ ಹೋಗಬೇಕಿತ್ತು. ಅವಸರದಲ್ಲಿ ಬೋರ್ಡು ಪೂರ್ತಿ ಓದದೆ, ಬೆಂಗಳೂರಿಗೆ ಹೋಗುವ ತಡೆರಹಿತ ಬಸ್ಸಿಗೆ ಹತ್ತಿಸಿಬಿಟ್ಟಿದ್ದೆ. ಬೈಪಾಸ್ ಆದ ಮೇಲೆ ಅಂಥ ಬಸ್ಸು ಮಂಡ್ಯದ ಊರೊಳಗೆ ಹೋಗುವುದೇ ಇಲ್ಲ. ಚಿಕ್ಕಮ್ಮ "ಮಂಡ್ಯ ಒಂದು" ಎಂದು ದುಡ್ಡು ಚಾಚಿದ್ದಾರೆ. ಕಂಡಕ್ಟರ್ "ಇದು ಮಂಡ್ಯಕ್ಕೆ ಹೋಗಲ್ಲಮ್ಮ" ಅಂದಿದ್ದಾರೆ. ಮುಂದಿನ ಸೀಟಿನವರೆಲ್ಲ ತಿರುಗಿ ನೋಡಿದ್ದಾರೆ. ಮಡಿಲಲ್ಲಿ ಮಲ್ಲಿಗೆ ಹೂವಿನ ಪೊಟ್ಟಣ, ಕಾಲ ಸಂದಿಯಲ್ಲಿ ಎರಡು ಚೀಲ. ಎದ್ದು ನಿಲ್ಲಬೇಕೋ ಕೂತೇ ಇರಬೇಕೋ ಗೊತ್ತಾಗಲಿಲ್ಲವಂತೆ. ಕಂಡಕ್ಟರ್ ಒಳ್ಳೆಯವರು, ಊರು ದಾಟುವ ಮುಂಚೆ ಇಳಿಸಿದರು. ನಾನು ಸ್ಕೂಟರ್ ತೆಗೆದುಕೊಂಡು ಓಡಿದೆ. ರಸ್ತೆ ಬದಿಯಲ್ಲಿ ಚೀಲದ ಮೇಲೆ ಕೂತಿದ್ದ ಚಿಕ್ಕಮ್ಮ ನನ್ನ ಮುಖ ನೋಡಿ ಅಂದದ್ದು ಇಷ್ಟೇ: "ಒಳ್ಳೆ ಪಜೀತಿಗೆ ಸಿಕ್ಕಿಸ್ಬುಟ್ಟಲ್ಲ ಮಗ ನನ್ನ."

ದುಡ್ಡು ಹೋಗಲಿಲ್ಲ, ಪೆಟ್ಟಾಗಲಿಲ್ಲ. ಹೋದದ್ದು ಒಂದು ಗಂಟೆ. ಆದರೂ ಆ ಹೊತ್ತಿನಲ್ಲಿ ಚಿಕ್ಕಮ್ಮನಿಗೆ ಆದದ್ದಕ್ಕೆ ಇದಕ್ಕಿಂತ ಸರಿಯಾದ ಪದ ಕನ್ನಡದಲ್ಲಿ ನನಗೆ ಕಾಣುವುದಿಲ್ಲ.

"ಪಜೀತಿ ಒಳ್ಳೇದಲ್ಲ ತಾನೇ? ಮತ್ತೆ ಯಾಕೆ 'ಒಳ್ಳೆ ಪಜೀತಿ' ಅಂತಾರೆ?"

ಇಲ್ಲಿ 'ಒಳ್ಳೆ' ಅಂದರೆ ಉತ್ತಮ ಅಂತ ಅಲ್ಲ, 'ಸರಿಯಾದ', 'ಭಾರಿ' ಅಂತ. "ಒಳ್ಳೆ ಏಟು ಬಿತ್ತು" ಅನ್ನುವ ಹಾಗೆ. "ಸರಿಯಾದ ಪಜೀತಿ" ಅಂತಲೂ ಹೇಳುತ್ತಾರೆ.

"ಇದು ಬೈಗುಳವಾ? ದೊಡ್ಡವರ ಮುಂದೆ ಹೇಳಬಹುದಾ?"

ಬೈಗುಳ ಅಲ್ಲ, ಧಾರಾಳವಾಗಿ ಹೇಳಿ. ಅತ್ತೆ, ಮಾವ, ಮೇಷ್ಟ್ರು, ಯಾರ ಮುಂದೆಯಾದರೂ ಸರಿ. ನಿಮ್ಮ ಪಜೀತಿಯನ್ನು ನೀವು ಹೇಳಿಕೊಳ್ಳುವುದರಲ್ಲಿ ತಪ್ಪೇ ಇಲ್ಲ. ಬೇರೆಯವರ ಪಜೀತಿಯನ್ನು ಹೇಳುವಾಗ ಸ್ವಲ್ಪ ಯೋಚನೆ ಮಾಡಬೇಕು, ಅದನ್ನು ಕೊನೆಯ ಭಾಗದಲ್ಲಿ ಬರೆದಿದ್ದೇನೆ.

"ಫಜೀತಿ ಬರೀಬೇಕಾ, ಪಜೀತಿ ಬರೀಬೇಕಾ?"

ಎರಡೂ ನಡೆಯುತ್ತದೆ. ಪತ್ರಿಕೆಗಳಲ್ಲಿ 'ಫಜೀತಿ' ನೋಡುತ್ತೀರಿ, ಬಾಯಲ್ಲಿ 'ಪಜೀತಿ' ಕೇಳುತ್ತೀರಿ. ಹೊರಗಿನಿಂದ ಬಂದ 'ಫ' ನಮ್ಮ ಹಳ್ಳಿ ಬಾಯಿಗೆ ಬಂದ ಕೂಡಲೇ 'ಪ' ಆಗುತ್ತದೆ. ಫಸಲು ಪಸಲಾದದ್ದು, ಫೈಸಲು ಪೈಸಲಾದದ್ದು ಹೀಗೇ. ನಾನು 'ಪಜೀತಿ' ಎಂದೇ ಬರೆಯುತ್ತೇನೆ, ನಮ್ಮಜ್ಜಿ ಹಾಗೇ ಅನ್ನುತ್ತಿದ್ದರು. ಮಕ್ಕಳು ಪರೀಕ್ಷೆಯಲ್ಲಿ ಯಾವುದನ್ನು ಬರೆದರೂ ಮೇಷ್ಟ್ರು ಅಂಕ ಕಳೆಯಬಾರದು ಅನ್ನುವುದು ನನ್ನ ಮನವಿ. ಆದರೆ ಒಂದೇ ಬರಹದಲ್ಲಿ ಎರಡನ್ನೂ ಬೆರೆಸಬೇಡಿ.

"ವಾಕ್ಯದಲ್ಲಿ ಹೇಗೆ ಕೂರಿಸೋದು? ಯಾವ ಕ್ರಿಯಾಪದ ಸೇರಿಸಬೇಕು?"

ಹೊಸದಾಗಿ ಕಲಿಯುವವರು ಎಡವುವುದು ಇಲ್ಲೇ. ಪಜೀತಿ ನಾಮಪದ, ಒಂಟಿಯಾಗಿ ಓಡಾಡುವುದಿಲ್ಲ. ಜೊತೆಗೆ ಬರುವ ಕ್ರಿಯಾಪದ ಬದಲಾದರೆ ತಪ್ಪು ಯಾರದು ಅನ್ನುವುದೂ ಬದಲಾಗುತ್ತದೆ.

"ಪಜೀತಿ ಆಯ್ತು" ಅಂದರೆ ತಾನಾಗಿ ಬಂತು, ಯಾರನ್ನೂ ದೂರುತ್ತಿಲ್ಲ. "ಪಜೀತಿ ಮಾಡ್ಕೊಂಡೆ" ಅಂದರೆ ನನ್ನ ಕೈಯಾರೆ ಆದದ್ದು. "ಪಜೀತಿಗೆ ಸಿಕ್ಕಿಕೊಂಡೆ" ಅಂದರೆ ಬಲೆ ಇತ್ತು, ನಾನು ಕಾಲಿಟ್ಟೆ. "ಪಜೀತಿಗೆ ಸಿಕ್ಕಿಸಿದ" ಅಂದರೆ ಬಲೆ ಹಾಕಿದವನು ಇನ್ನೊಬ್ಬ. ಚಿಕ್ಕಮ್ಮ ನನಗೆ ಅಂದದ್ದು ಇದನ್ನೇ, ಸರಿಯಾಗಿಯೇ ಅಂದರು. "ಪಜೀತಿ ಪಟ್ಟೆ" ಅಂದಾಗ ಅನುಭವಿಸಿದ್ದರ ಮೇಲೆ ಒತ್ತು ಬೀಳುತ್ತದೆ. ಇನ್ನೊಂದಿದೆ, ನನಗೆ ಬಹಳ ಇಷ್ಟವಾದದ್ದು: "ಪಜೀತಿಗಿಟ್ಟುಕೊಂಡಿತು". ಹೊಟ್ಟೆನೋವು, ಮಳೆ ಶುರುವಾಗುವ ಹಾಗೆ ಪಜೀತಿ ಶುರುವಾಯಿತು ಅಂತ ಅರ್ಥ. "ಗಾಡಿ ಅರ್ಧ ದಾರಿಯಲ್ಲಿ ನಿಂತು ಪಜೀತಿಗಿಟ್ಟುಕೊಂಡಿತು" ಅಂದರೆ, ನಿಂತದ್ದು ಒಂದು ಕ್ಷಣ, ಆಮೇಲಿನದೆಲ್ಲ ಉದ್ದದ ಕಥೆ ಅಂತ ಕೇಳಿದವರಿಗೆ ಆಗಲೇ ಗೊತ್ತಾಗುತ್ತದೆ.

'ಪಜೀತಿಯಾದ ಪರಿಸ್ಥಿತಿ' ಅಂತ ಬರೆಯಬೇಡಿ. ಹಾಗೆ ಯಾರೂ ಮಾತಾಡುವುದಿಲ್ಲ. 'ಪಜೀತಿ' ಅಂದರೇ ಪರಿಸ್ಥಿತಿ ಅದರೊಳಗೆ ಬಂತು.

"ಮಂಡ್ಯದವರು ಹೇಳೋದಕ್ಕೂ ಮೈಸೂರಿನವರು ಹೇಳೋದಕ್ಕೂ ವ್ಯತ್ಯಾಸ ಇದೆಯಾ?"

ಪದ ಒಂದೇ, ಸುತ್ತಲಿನ ಮಾತು ಬೇರೆ. "ಏನ್ಲಾ, ಪಜೀತಿ ಮಾಡ್ಕಂಡ್ ಬಂದ್ಬುಟ್ಯಲ್ಲಾ" ಅಂದರೆ ನಮ್ಮ ಮಂಡ್ಯದ ಕಡೆ. "ಏನಪ್ಪಾ, ಪಜೀತಿ ಮಾಡ್ಕೊಂಡ್ ಬಂದ್ಬಿಟ್ಯಲ್ಲಾ" ಅಂದರೆ ಮೈಸೂರು ಪೇಟೆ. 1939ರವರೆಗೆ ಮಂಡ್ಯ ಬೇರೆ ಜಿಲ್ಲೆಯೇ ಆಗಿರಲಿಲ್ಲ, ಮೈಸೂರು ಜಿಲ್ಲೆಯೊಳಗೇ ಇತ್ತು. ಹಾಗಾಗಿ ವ್ಯತ್ಯಾಸ ಇರುವುದು ಎರಡು ಜಿಲ್ಲೆಗಳ ನಡುವೆ ಅನ್ನುವುದಕ್ಕಿಂತ ಹಳ್ಳಿ ಪೇಟೆಗಳ ನಡುವೆ.

## ಎಲ್ಲಿಂದ ಬಂತು

"ಇದು ಕನ್ನಡದ್ದೇ ಪದಾನಾ?"

ಹುಟ್ಟಿದ್ದು ಅರಬ್ಬಿಯಲ್ಲಿ. ಅಲ್ಲಿನ 'ಫದೀಹಾ' ಅನ್ನುವ ಪದಕ್ಕೆ ಅವಮಾನ, ಮಾನ ಹೋಗುವುದು ಅಂತ ಅರ್ಥ. ಅದರ ಮೂಲ ಧಾತುವಿಗೆ 'ಬಯಲು ಮಾಡು', ಮುಚ್ಚಿಟ್ಟದ್ದನ್ನು ಎಲ್ಲರಿಗೂ ಕಾಣುವಂತೆ ಮಾಡು ಅನ್ನುವ ಅರ್ಥ ಇದೆ. ಪಾರಸಿಗೆ ಬಂದಾಗ ಅದು 'ಫಜೀಹತ್' ಆಯಿತು. ಮರಾಠಿಯಲ್ಲಿ 'ಫಜಿತಿ'. ನಮ್ಮ ರೂಪ ಮರಾಠಿಯದಕ್ಕೆ ತೀರಾ ಹತ್ತಿರ.

ನಡುವೆ 'ದ' ಹೇಗೆ 'ಜ' ಆಯಿತು ಅಂತ ಕೇಳುತ್ತಾರೆ. ಅರಬ್ಬಿಯಲ್ಲಿ ಗಂಟಲನ್ನು ಬಿಗಿಮಾಡಿ ಹೇಳುವ ಒಂದು 'ದ' ಇದೆ. ಪಾರಸಿಯವರು ಅದೇ ಅಕ್ಷರವನ್ನು 'ಜ಼' ಎಂದು ಓದುತ್ತಾರೆ. ನಾವು ಅದನ್ನು ಸುಮ್ಮನೆ 'ಜ' ಮಾಡಿಕೊಂಡೆವು. ನಾವು ದಿನಾ ಆಡುವ ಅರ್ಜಿ, ಹಾಜರಿ, ರಾಜಿ, ಮರ್ಜಿ, ಈ ನಾಲ್ಕರಲ್ಲೂ ಇರುವುದು ಅದೇ ಅಕ್ಷರ. ಇದನ್ನು ಮೊದಲ ಸಲ ತಿಳಿದಾಗ ನನಗೆ ಆದ ಖುಷಿ ಈಗಲೂ ನೆನಪಿದೆ. ಹಾಜರಿ ಪುಸ್ತಕಕ್ಕೂ ಪಜೀತಿಗೂ ನೆಂಟಸ್ತಿಕೆ ಇದೆ ಅಂತ ಯಾರಿಗೆ ಗೊತ್ತಿತ್ತು?

ಇಂಥ ಪದಗಳು ನಮ್ಮ ಕಡೆ ಬೇರೂರಿದ್ದರಲ್ಲಿ ಅಚ್ಚರಿಯಿಲ್ಲ. 1799ರವರೆಗೆ ಶ್ರೀರಂಗಪಟ್ಟಣವೇ ರಾಜಧಾನಿ. ಟಿಪ್ಪುವಿನ ಕಾಲದ ಕಡತಗಳಲ್ಲಿ ಪಾರಸಿ ಇತ್ತು, ಲೆಕ್ಕಪತ್ರ ಬರೆಯುವ ಕಾರಕೂನರಲ್ಲಿ ಮರಾಠಿ ಬಲ್ಲವರಿದ್ದರು. ತಾಲ್ಲೂಕು, ಜಮೀನು, ದಾಖಲೆ, ಜಿಲ್ಲೆ ಎಲ್ಲ ಹಾಗೆ ಕಚೇರಿ ಬಾಗಿಲಿನಿಂದ ಬಂದು ಹೊಲ ಗದ್ದೆಯವರೆಗೆ ನಡೆದವು.

ಇಷ್ಟಾದ ಮೇಲೂ ನನ್ನನ್ನು ಕೇಳಿದರೆ ಇದು ಕನ್ನಡದ್ದೇ ಪದ. ಅರಬ್ಬಿಯವರ 'ಮಾನ ಬಯಲಾಗುವುದು' ನಮ್ಮ ಬಾಯಲ್ಲಿ ಮೆದುವಾಯಿತು. ಮಾನ ಪೂರ್ತಿ ಹೋಗುವುದಿಲ್ಲ, ಸ್ವಲ್ಪ ಮುಖ ಕೆಂಪಾಗುತ್ತದೆ ಅಷ್ಟೇ. ಆದರೆ ನೋಡುವ ನಾಲ್ಕು ಕಣ್ಣು ಮಾತ್ರ ಪದದೊಳಗೆ ಹಾಗೇ ಉಳಿದವು. ಒಬ್ಬನೇ ಮನೆಯಲ್ಲಿ ಕೂತು ಕಷ್ಟಪಡಬಹುದು. ಪಜೀತಿಗೆ ಇನ್ನೊಬ್ಬರು ಬೇಕು, ಎದುರಿಗೆ ಇಲ್ಲದಿದ್ದರೆ 'ಯಾರಾದ್ರೂ ನೋಡಿದ್ರೆ ಏನಪ್ಪಾ' ಅನ್ನುವ ದಿಗಿಲಿನಲ್ಲಾದರೂ ಬೇಕು.

"ಹಿಂದಿಯಲ್ಲೂ ಇದೆಯಲ್ಲ, ಅಲ್ಲೂ ಇದೇ ಅರ್ಥಾನಾ?"

ಹುಷಾರು. ಹಿಂದಿಯ 'ಫಜೀಹತ್' ಇನ್ನೂ ಹಳೆಯ ಖಾರವನ್ನು ಬಿಟ್ಟಿಲ್ಲ. ಅಲ್ಲಿ ಅದು ನೇರವಾಗಿ ಮರ್ಯಾದೆ ಹೋಗುವುದು. ನಮ್ಮ ಹುಡುಗರು ಹಿಂದಿ ಸುದ್ದಿಯಲ್ಲಿ ಅದನ್ನು ಕೇಳಿ, ಏನೋ ಸಣ್ಣ ತೊಂದರೆ ಅಂದುಕೊಳ್ಳುತ್ತಾರೆ. ಉತ್ತರದಿಂದ ಬಂದ ನನ್ನ ವಿದ್ಯಾರ್ಥಿಗಳಿಗೆ ಇದರ ತಿರುಗುಮುರುಗು ಆಗುತ್ತದೆ. ಪಕ್ಕದ ಮನೆಯವರು ನಗುತ್ತಾ "ನಿನ್ನೆ ಪಜೀತಿ ಆಗೋಯ್ತು" ಅಂದರೆ ಇವರು ಗಾಬರಿಯಾಗುತ್ತಾರೆ.

## ಅಕ್ಕಪಕ್ಕದ ಪದಗಳು

"ಇಕ್ಕಟ್ಟಿಗೂ ಪಜೀತಿಗೂ ಏನು ವ್ಯತ್ಯಾಸ?"

ಇಕ್ಕಟ್ಟು ಮೊದಲಿಗೆ ಜಾಗದ ಮಾತು. ಸಂಕ್ರಾಂತಿ ಹಿಂದಿನ ದಿನ ದೇವರಾಜ ಮಾರುಕಟ್ಟೆಯ ಹೂವಿನ ಸಾಲಿಗೆ ಹೋಗಿ ನೋಡಿ. ಹಿಂದಿನವರು ತಳ್ಳುತ್ತಾರೆ, ಮುಂದಿನವರು ಚೌಕಾಸಿ ಮಾಡುತ್ತಾ ನಿಂತಿದ್ದಾರೆ, ಕಬ್ಬಿನ ಜಲ್ಲೆ ಹೊತ್ತವನೊಬ್ಬ ನಡುವೆ ನುಗ್ಗುತ್ತಾನೆ. ಅದು ಇಕ್ಕಟ್ಟು. ಅದೇ ಮನಸ್ಸಿಗೆ ಬಂದಾಗ, ಎರಡು ಕಡೆಯಿಂದಲೂ ಒತ್ತಡ, ಯಾವ ಕಡೆ ಸರಿದರೂ ಯಾರಿಗೋ ತಾಗುತ್ತದೆ ಅನ್ನುವ ಸ್ಥಿತಿ. ತಮಿಳಿನಲ್ಲೂ 'ಇಕ್ಕಟ್ಟು' ಇದೆ, ತೆಲುಗಿನಲ್ಲಿ 'ಇಕ್ಕಟ್ಲು' ಇದೆ. ಎರಡೂ ಕಡೆ ತೊಂದರೆ ಅಂತಲೇ ಅರ್ಥ.

ಇಕ್ಕಟ್ಟಿನಲ್ಲಿ ಇರುವವನು ಇನ್ನೂ ತೀರ್ಮಾನ ಮಾಡಿಲ್ಲ. ಪಜೀತಿಯಲ್ಲಿ ಇರುವವನಿಗೆ ಆಗುವುದು ಆಗಿಹೋಗಿದೆ. ಒಂದೇ ದಿನ ಎರಡು ಮದುವೆಗೆ ಕರೆ ಬಂದರೆ ಇಕ್ಕಟ್ಟು. ಒಂದಕ್ಕೆ ಹುಷಾರಿಲ್ಲ ಅಂತ ಹೇಳಿ ಇನ್ನೊಂದಕ್ಕೆ ಹೋದಾಗ, ಅಲ್ಲಿ ಊಟದ ಸಾಲಿನಲ್ಲಿ ಮೊದಲಿನವರ ಅಣ್ಣ ಎದುರಾದರೆ ಪಜೀತಿ.

"ಪೇಚಾಟ, ಪರದಾಟ, ಪೀಕಲಾಟ ಎಲ್ಲ ಒಂದೇ ಅಲ್ವಾ?"

ಈ ಪದಗಳ ಬಾಲ ನೋಡಿ, ಎಲ್ಲದರಲ್ಲೂ 'ಆಟ' ಇದೆ. ಹೆಣಗಾಟ, ತೊಳಲಾಟ, ನರಳಾಟದಲ್ಲೂ ಇದೆ. ಮಕ್ಕಳ ಆಟ ಅಲ್ಲ, ಅತ್ತಿಂದಿತ್ತ ಓಲಾಡುವ ಆಟ. ಹಾಗಾಗಿ ಇವೆಲ್ಲ ಎಳೆದಾಡುವ ಕಷ್ಟಗಳು, ಹೊತ್ತು ಹಿಡಿಯುತ್ತವೆ. ಪಜೀತಿ ಒಂದು ಗಳಿಗೆಯದ್ದು.

ಒಂದು ಸರ್ಟಿಫಿಕೇಟಿಗೆ ಮೂರು ದಿನ ಅಲೆದರೆ ಅದು ಪರದಾಟ. ಮೂರನೇ ದಿನ ಸರದಿ ಬಂದು ಕೌಂಟರ್ ಮುಂದೆ ನಿಂತಾಗ, ಮೂಲ ಪ್ರತಿ ಮನೆಯ ಟೀವಿ ಮೇಲೇ ಉಳಿದಿದೆ ಅಂತ ನೆನಪಾಯಿತೆನ್ನಿ, ಹಿಂದೆ ಮೂವತ್ತು ಜನ ನಿಂತಿರುವಾಗ, ಆ ಗಳಿಗೆ ಪಜೀತಿ. ಪೀಕಲಾಟ ಸಾಮಾನ್ಯವಾಗಿ ಇಬ್ಬರ ನಡುವೆ ಸಿಕ್ಕವನದು. ಅಮ್ಮ ಒಂದು ಹೇಳಿ ಹೆಂಡತಿ ಇನ್ನೊಂದು ಹೇಳಿದಾಗ ಮಗನಿಗೆ ಆಗುವುದು. ಪೇಚಿನ ಮೂಲ ಪಾರಸಿಯ 'ಪೇಚ್', ಅಂದರೆ ಸುರುಳಿ, ತಿರುಚು. ದಾರ ಸಿಕ್ಕಾದ ಹಾಗೆ. ಬಿಡಿಸಲು ಹೋದಷ್ಟೂ ಬಿಗಿಯಾಗುವ ಕಷ್ಟಕ್ಕೆ ಪೇಚಾಟ ಚೆನ್ನಾಗಿ ಹೊಂದುತ್ತದೆ.

"ತಾಪತ್ರಯ, ಧರ್ಮಸಂಕಟ ಇವೆಲ್ಲ ಎಲ್ಲಿ ಬರುತ್ತೆ?"

ತಾಪತ್ರಯ ಅಂದರೆ ಅಕ್ಷರಶಃ ಮೂರು ತಾಪಗಳು. ತನ್ನ ಮೈ ಮನಸ್ಸಿನಿಂದ ಬಂದದ್ದು, ಬೇರೆ ಜೀವಿಗಳಿಂದ ಬಂದದ್ದು, ದೈವದಿಂದ ಬಂದದ್ದು. ಈಗ ಅದು ತಿಂಗಳ ಕೊನೆಯ ದುಡ್ಡಿನ ಮಾತಾಗಿದೆ. ಧರ್ಮಸಂಕಟದಲ್ಲಿ ಎರಡು ದಾರಿಯೂ ಸರಿಯೇ, ಅಥವಾ ಎರಡೂ ತಪ್ಪೇ. ಬಿಸಿತುಪ್ಪ ನುಂಗಲೂ ಆಗದು, ಉಗುಳಲೂ ಆಗದು ಅನ್ನುವುದು ಅಲ್ಲಿಗೆ ಹೊಂದುವ ಮಾತು.

"ಈಗಿನ ಮಕ್ಕಳು ಎಲ್ಲದಕ್ಕೂ ಟೆನ್ಷನ್ ಅಂತಾರಲ್ಲ, ಅದೇ ಸಾಕಲ್ವಾ?"

ಸಾಲದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಟೆನ್ಷನ್ ತಲೆಯೊಳಗಿನದು. ಪಜೀತಿ ತಲೆಯ ಹೊರಗೆ, ಬಸ್ಸಿನಲ್ಲಿ, ಬೀದಿಯಲ್ಲಿ ನಡೆಯುವಂಥದ್ದು. ಪರೀಕ್ಷೆಯ ಹಿಂದಿನ ರಾತ್ರಿ ಮಗುವಿಗೆ ಟೆನ್ಷನ್ ಆಗುತ್ತದೆ. ಪರೀಕ್ಷೆ ಹಾಲಿನಲ್ಲಿ ಪೆನ್ನಿನ ಇಂಕು ಅಂಗಿಗೆಲ್ಲ ಚೆಲ್ಲಿದರೆ ಪಜೀತಿ ಆಗುತ್ತದೆ. ಎರಡಕ್ಕೂ ಒಂದೇ ಪದ ಇಟ್ಟುಕೊಂಡ ಮಗು ತನಗೆ ಏನಾಗಿದೆ ಅಂತ ಅಮ್ಮನಿಗೆ ಹೇಗೆ ಬಿಡಿಸಿ ಹೇಳುತ್ತದೆ? ಮನೆಯಲ್ಲಿ ನೀವು ಈ ಪದಗಳನ್ನು ಬಳಸಿ, ಮಕ್ಕಳು ತಾವಾಗಿ ಹಿಡಿಯುತ್ತಾರೆ.

## ಎಚ್ಚರಿಕೆಯಿಂದ ಬಳಸಬೇಕಾದ ಕಡೆ

"ಯಾರಿಗಾದ್ರೂ ಹುಷಾರಿಲ್ಲದಾಗ, ಸಾವು ನೋವಿನಲ್ಲಿ 'ಪಜೀತಿ ಆಯ್ತಲ್ಲ' ಅನ್ನಬಹುದಾ?"

ಬೇಡ. ದಯವಿಟ್ಟು ಬೇಡ.

ಇದನ್ನು ನಾನು ತಪ್ಪು ಮಾಡಿ ಕಲಿತೆ. ನಮ್ಮ ಪಕ್ಕದ ಮನೆಯ ಅಕ್ಕನ ಯಜಮಾನರು ಎರಡು ವಾರ ಆಸ್ಪತ್ರೆಯಲ್ಲಿದ್ದರು. ಅಕ್ಕ ದಿನಾ ಬೆಳಿಗ್ಗೆ ಸ್ಟೀಲಿನ ಕ್ಯಾರಿಯರ್ ಹಿಡಿದು ಬಸ್ಸಿಗೆ ಹೋಗುತ್ತಿದ್ದರು. ಒಂದು ದಿನ ಗೇಟಿನ ಹತ್ತಿರ ಸಿಕ್ಕಾಗ, ಏನಾದರೂ ಮಾತಾಡಿಸಬೇಕಲ್ಲ ಅಂತ "ಏನಕ್ಕ, ಒಳ್ಳೆ ಪಜೀತಿ ಆಯ್ತಲ್ಲ ನಿಮ್ಗೆ" ಅಂದುಬಿಟ್ಟೆ. ಅಕ್ಕ ಏನೂ ಹೇಳಲಿಲ್ಲ. ಕ್ಯಾರಿಯರಿನ ಕೊಂಡಿ ಸರಿಯಾಗಿಯೇ ಬಿದ್ದಿತ್ತು, ಆದರೂ ಅದನ್ನು ಒಮ್ಮೆ ತೆಗೆದು ಮತ್ತೆ ಒತ್ತಿದರು. "ಹೊತ್ತಾಯ್ತು" ಅಂತ ಹೊರಟರು. ಅವರ ಬೆನ್ನು ನೋಡುತ್ತಾ ನಿಂತಾಗ ನನಗೆ ಅರ್ಥವಾಯಿತು. ಜೀವದ ಭಯದಲ್ಲಿ ಇರುವವರಿಗೆ ಬಸ್ಸು ತಪ್ಪಿದವರಿಗೆ ಹೇಳುವ ಮಾತು ಹೇಳಿದ್ದೆ.

ಪಜೀತಿ ಅನ್ನುವುದು ಮುಗಿಯುವ ಕಷ್ಟಕ್ಕೆ ಇಟ್ಟ ಹೆಸರು. ಇದು ಮುಗಿಯುತ್ತದೋ ಇಲ್ಲವೋ ಅಂತ ಒದ್ದಾಡುತ್ತಿರುವವರಿಗೆ ಆ ಪದ ಚುಚ್ಚುತ್ತದೆ. ಅಂಥ ಕಡೆ "ಹೆಂಗಿದಾರಕ್ಕ ಈಗ?" ಅಂತ ಕೇಳಿ ಸಾಕು. "ನಾಳೆ ಊಟ ನಾನ್ ತಗೊಂಡ್ ಹೋಗ್ತೀನಿ" ಅನ್ನಲು ಆದರೆ ಇನ್ನೂ ಒಳ್ಳೆಯದು. ಮಾರನೆಯ ದಿನದಿಂದ ನಾನು ಹಾಗೇ ಮಾಡಿದೆ.

ಯಜಮಾನರು ಗುಣವಾಗಿ ಮನೆಗೆ ಬಂದರು. ಆಮೇಲೊಮ್ಮೆ ಅಕ್ಕನೇ ಹೇಳಿದರು, ಬಿಡುಗಡೆ ದಿನ ಬಿಲ್ಲಿನ ಚೀಟಿ ಕಳೆದುಹೋಗಿ, ಚೀಲದ ಸಾಮಾನೆಲ್ಲ ಬೆಂಚಿನ ಮೇಲೆ ಸುರಿದು ಹುಡುಕಿದರಂತೆ. "ಎಲ್ಲರೂ ನೋಡ್ತಾವ್ರೆ, ಏನ್ ಪಜೀತಿ ಅಂತೀರಾ" ಅಂದರು. ಕಾಯಿಲೆ ಪಜೀತಿ ಅಲ್ಲ. ಚೀಟಿ ಕಳೆದದ್ದು ಪಜೀತಿ.

"ನಾಲೆಗೆ ನೀರು ಬರದಿದ್ರೆ ರೈತರಿಗೆ ಪಜೀತಿ ಅಂತ ಬರೆದಿದ್ದೆ. ನಮ್ಮ ಮಾವ ಬೇಜಾರು ಮಾಡ್ಕೊಂಡ್ರು. ಯಾಕೆ?"

ಮಾವನವರು ಬೇಜಾರು ಮಾಡಿಕೊಂಡದ್ದು ಸರಿ. ನಮ್ಮ ಕಡೆ ಬೇಸಿಗೆಯಿಂದ ಮುಂಗಾರಿನವರೆಗೆ ಜನ ದಿನಾ ನೋಡುವುದು ಕನ್ನಂಬಾಡಿ ಕಟ್ಟೆಯ ಮಟ್ಟವನ್ನು. ತುಂಬಿದರೆ 124.80 ಅಡಿ. ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಡದಿದ್ದರೆ ಸಾಲ ಮಾಡಿ ಬೆಳೆಸಿದ ಕಬ್ಬು ಕಣ್ಣೆದುರೇ ಒಣಗುತ್ತದೆ. ಅದು ಒಂದು ಗಳಿಗೆಯದ್ದಲ್ಲ, ಮನೆಯ ಒಂದು ವರ್ಷದ ಅನ್ನ.

ಹಾಗಾದರೆ ಮಾವನವರೇ ಅರಳಿಕಟ್ಟೆಯಲ್ಲಿ ಕೂತು "ಈ ಸಲ ಪಜೀತಿ ಆಗೋಯ್ತು ಕಣಪ್ಪ" ಅನ್ನುವುದಿಲ್ಲವೇ? ಅನ್ನುತ್ತಾರೆ. ಪಟ್ಟವರು ತಾವೇ ಹೇಳಿಕೊಂಡರೆ ಎದೆಯ ಭಾರ ಕೊಂಚ ಹಗುರವಾಗುತ್ತದೆ. ದೂರ ನಿಂತವರು ಅದೇ ಪದ ಹೇಳಿದರೆ ಅವರ ಕಷ್ಟವನ್ನೇ ಹಗುರ ಮಾಡಿದ ಹಾಗೆ. ಬರೆಯುವಾಗ ಸಂಕಷ್ಟ ಅನ್ನಿ, ನಷ್ಟ ಅನ್ನಿ, ಇಲ್ಲವೇ ಆದದ್ದನ್ನು ಆದ ಹಾಗೇ ಹೇಳಿ: ಕಬ್ಬು ಒಣಗಿತು.

"ಆಫೀಸಿಗೆ ಬರೆಯೋ ಅರ್ಜಿಯಲ್ಲಿ ಹಾಕಬಹುದಾ?"

ಹಾಕಬೇಡಿ. 'ತೊಂದರೆ', 'ಅನಾನುಕೂಲ' ಅಂತ ಬರೆಯಿರಿ. ಅರ್ಜಿಗೂ ಪಜೀತಿಗೂ ಹಳೆಯ ನೆಂಟಸ್ತಿಕೆ ಇದ್ದರೂ, ಕಚೇರಿಯೊಳಗೆ ಕೂರಲು ಜಾಗ ಸಿಕ್ಕಿದ್ದು ಅರ್ಜಿಗೆ ಮಾತ್ರ. ಪಜೀತಿ ಜಗುಲಿಯ ಮಾತಾಗಿಯೇ ಉಳಿಯಿತು.

"ಪಜೀತಿ ಪಟ್ಟವರೇ ಆಮೇಲೆ ಅದನ್ನ ಅಷ್ಟು ಖುಷಿಯಿಂದ ಹೇಳ್ತಾರಲ್ಲ, ಅದು ಹೇಗೆ?"

ಈ ಪ್ರಶ್ನೆ ಕೇಳಿದ್ದು ಒಬ್ಬ ಹುಡುಗಿ, ಕನ್ನಡ ಕಲಿಯಲು ಶುರು ಮಾಡಿ ಆರು ತಿಂಗಳಾಗಿತ್ತು. ನನಗೆ ನೆನಪಾದದ್ದು ನಮ್ಮ ದೊಡ್ಡಪ್ಪನ ಮಗಳ ಬೀಗರೂಟ.

ಮೂರನೇ ಪಂಕ್ತಿ ಕೂತಿತ್ತು. ಎಲೆ ಹಾಕಿ ಉಪ್ಪು, ಈರುಳ್ಳಿ, ನಿಂಬೆಹೋಳು, ಬೋಟಿ ಗೊಜ್ಜು ಬಡಿಸಿ ಆಗಿತ್ತು. ಮುದ್ದೆ ಬರಲಿಲ್ಲ. ಗಂಡಿನ ಕಡೆಯವರು ಎಲೆ ಮುಂದೆ ಕೈ ಕಟ್ಟಿ ಕೂತಿದ್ದಾರೆ. ಸಾರಿನ ಬಕೆಟ್ ಹಿಡಿದ ಹುಡುಗ ಸಾಲಿನ ತುದಿಯಲ್ಲಿ ನಿಂತೇ ಇದ್ದಾನೆ, ಬಿಡಲು ಎಲೆಯಲ್ಲಿ ಮುದ್ದೆ ಇಲ್ಲ. ಒಳಗೆ ರಾಗಿ ಹಿಟ್ಟು ಮುಗಿದಿತ್ತು. ದೊಡ್ಡಪ್ಪ ಹೆಗಲ ಮೇಲಿನ ಟವೆಲ್ ಕೈಗೆ ತೆಗೆದುಕೊಂಡು ಸಾಲಿನ ನಡುವೆ ನಿಂತು, "ಒಂದ್ ಗಳಿಗೆ ಕಣಪ್ಪ, ಪಜೀತಿ ಆಗೋಗದೆ, ಮನಸ್ಸಿಗೆ ಆಕ್ಕಬೇಡಿ" ಅಂದರು. ಮುಚ್ಚಿಡಲಿಲ್ಲ. ಅವರು ಹಾಗೆ ಹೇಳಿದ ಕೂಡಲೇ ಬೀಗರಲ್ಲೇ ಹಿರಿಯರೊಬ್ಬರು "ಅಯ್ಯೋ, ನಮ್ಮನೇಲೂ ಇಂಗೇ ಆಗಿತ್ತು ಕುಂತ್ಕಳಿ" ಅಂದರು. ಅಷ್ಟರಲ್ಲಿ ಬೀದಿಯ ಹೆಂಗಸರು ತಂತಮ್ಮ ಮನೆಯಿಂದ ಮೊರದಲ್ಲಿ, ಪಾತ್ರೆಯಲ್ಲಿ ಹಿಟ್ಟು ತಂದು ಸುರಿದರು. ಇಬ್ಬರು ಕೋಲು ಹಿಡಿದು ತೊಳಸಿದರು. ಅರ್ಧ ಗಂಟೆಯಲ್ಲಿ ಹಬೆಯಾಡುವ ಮುದ್ದೆ ಎಲೆಗೆ ಬಿತ್ತು.

ಎರಡೂ ಮನೆಯವರು ಸೇರಿದಾಗಲೆಲ್ಲ ಈ ಕಥೆ ಬರುತ್ತದೆ. ಹೇಳುವವರು ದೊಡ್ಡಪ್ಪ, ನಡುನಡುವೆ ಸೇರಿಸುವವರು ಬೀಗರು. ಮನೆಯಲ್ಲಿ ಯಾವ ಕಾರ್ಯ ಗೊತ್ತಾದರೂ ದೊಡ್ಡಮ್ಮ ಮೊದಲು ಮಿಲ್ಲಿಗೆ ಕಳಿಸುವುದು ರಾಗಿಯನ್ನು, ಅದೂ ಲೆಕ್ಕಕ್ಕಿಂತ ಒಂದು ಚೀಲ ಜಾಸ್ತಿ.